ನಿಮ್ಮ ದೀಪಧಾರಿಣಿ ನಮ್ಮ ಮನೆಯಲ್ಲಿದ್ದಾಳೆ

ವಸ್ತುಸಂಗ್ರಹಾಲಯದ ನಿರ್ದೇಶಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮಿಂದ ನನಗೆ ಎರಡು ಕೆಲಸ ಆಗಬೇಕಾಗಿದೆ. ಮೂರೂವರೆ ತಿಂಗಳ ಹಿಂದೆ ನಾನು ನಿಮ್ಮ ಸಂಗ್ರಹಾಲಯದಿಂದ ಕದ್ದುಕೊಂಡು ಬಂದ ಕಂಚಿನ ವಿಗ್ರಹವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಆ ವಿಗ್ರಹ ಅಲ್ಲಿಲ್ಲ ಎಂಬ ನಿಜವನ್ನು ಹೇಳಿದ ತಪ್ಪಿಗೆ ನೀವು ಕೆಲಸದಿಂದ ತೆಗೆದ ಕಾವಲುಗಾರ ಕಾಶಪ್ಪನನ್ನೂ ವಾಪಸು ತೆಗೆದುಕೊಳ್ಳಿ. ಮೊದಲನೆಯದನ್ನು ನಿಮಗೆ ಮರಾಠಿಯಲ್ಲಿ ಎರಡು ಸಲ, ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಮೂರು ಸಲ ಬರೆದಿದ್ದೇನೆ. ಮೂರು ಭಾಷೆಗಳಲ್ಲಿ ಕೇಳಿಯೂ ಪ್ರಯೋಜನವಾಗದ ಮೇಲೆ ನಾಲ್ಕನೆಯದರಲ್ಲಿ ಕೇಳುವ ಹಕ್ಕು ನನಗಿದೆ. ಅದು ನನ್ನ ತಾಯ್ನುಡಿ. ಸಿಟ್ಟು ಬಂದಾಗ ಪದ ಹುಡುಕಬೇಕಾಗಿಲ್ಲ. ಇದು ಅಚ್ಚಾಗುತ್ತಿರುವ ಈ ಊರಿನ ಕನ್ನಡ ಪತ್ರಿಕೆ ಓದುವವರು ಯಾರಾದರೊಬ್ಬರು ನಿಮ್ಮ ಕಚೇರಿಯ ಮೇಲಿನ ಮಹಡಿಯಲ್ಲೋ ಕೆಳಗಿನ ಕ್ಯಾಂಟೀನಿನಲ್ಲೋ ಇದ್ದೇ ಇರುತ್ತಾರೆ. ಅವರಿಂದ ಓದಿಸಿಕೊಳ್ಳಿ.

ನನ್ನ ಹೆಸರು ಗುರುಬಾಯಿ. ವಯಸ್ಸು ಅರವತ್ತೆಂಟು. ಹುಟ್ಟಿದ್ದು ಬೈಲಹೊಂಗಲದಲ್ಲಿ, ಈಗಿರುವುದು ದಹಿಸರ್ ಪೂರ್ವದಲ್ಲಿ, ಮೂವತ್ತೊಂದು ವರ್ಷ ದುಡಿದದ್ದು ಅಂಚೆಯ ಪಾರ್ಸೆಲ್ ವಿಭಾಗದಲ್ಲಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತು ನಮ್ಮ ಯಜಮಾನರ ಮುಖ ನೋಡುವುದಕ್ಕಿಂತ ಹಳೆಯ ವಿಗ್ರಹಗಳ ಮುಖ ನೋಡುವುದು ಮೇಲೆಂದು ನಿಮ್ಮ ಸಂಗ್ರಹಾಲಯದಲ್ಲಿ ಸ್ವಯಂಸೇವಕಿಯಾದೆ. ಭಾನುವಾರಕ್ಕೊಮ್ಮೆ ದಹಿಸರ್‌ನಿಂದ ಅಂಧೇರಿಗೆ ಲೋಕಲ್, ಅಲ್ಲಿಂದ ಘಾಟ್ಕೋಪರ್‌ಗೆ ಮೆಟ್ರೋ, ಆಮೇಲೆ ರಿಕ್ಷಾ. ದಾನಿಯೊಬ್ಬರು ಬಿಟ್ಟುಕೊಟ್ಟ ಹಳೆಯ ಬಂಗಲೆ, ಐದು ಕೋಣೆ. ಬಂದವರಿಗೆ ಇದು ಯಾವ ಕಾಲದ್ದು, ಇದು ಯಾಕೆ ಮುರಿದಿದೆ ಎಂದು ಹೇಳುವುದು ನನ್ನ ಕೆಲಸ. ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ನಿಮ್ಮ ಎದೆಯ ಮೇಲಿನ ಬ್ಯಾಡ್ಜಿನಷ್ಟೇ ದೊಡ್ಡ ಬ್ಯಾಡ್ಜು ನನಗೂ ಇತ್ತು, ಅದರ ಮೇಲೆ ಹೆಸರು ಮಾತ್ರ ತಪ್ಪಾಗಿತ್ತು.

ಮೂರನೆಯ ಕೋಣೆ ಕಂಚಿನ ಕೋಣೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದೂವರೆ ಗೇಣು ಎತ್ತರದ ಹೆಂಗಸೊಬ್ಬಳು ಎರಡೂ ಕೈಯಲ್ಲಿ ದೀಪ ಹಿಡಿದು ನಿಂತಿದ್ದಳು. ನಿಮ್ಮ ಫಲಕದಲ್ಲಿ ಅವಳು ದೀಪಧಾರಿಣಿ, ನಾನೂರು ವರ್ಷ ಹಳೆಯವಳು. ಆ ಕೋಣೆಯ ಕಾವಲುಗಾರನಿಗೆ ಅವಳು ದೀಪದಕ್ಕ. ಕಾಶಪ್ಪ ಇಂಡಿ ಕಡೆಯವನು, ನಲವತ್ತೈದರ ಆಸುಪಾಸು, ಧಾರಾವಿಯಲ್ಲಿ ಮನೆ, ನಿಮಗೆ ಕಾವಲುಗಾರರನ್ನು ಒದಗಿಸುವ ಏಜೆನ್ಸಿಯ ಆಳು. ಆರು ವರ್ಷ, ದಿನಕ್ಕೆ ಹನ್ನೆರಡು ತಾಸು, ಅವಳ ಎದುರು ನಿಂತಿದ್ದ. ನಾನು ಬಂದವರಿಗೆ ವಿವರಿಸುವಾಗ ಹಿಂದಿನಿಂದ ಮೆಲ್ಲಗೆ, "ಬಾಯಾರ, ಹೆಬ್ಬೆರಳಿಂದು ಹೇಳಲಿಲ್ರಿ," ಎಂದು ನೆನಪಿಸುತ್ತಿದ್ದವನು ಅವನೇ. ಅವಳ ಬಲಗಾಲಿನ ಹೆಬ್ಬೆರಳು ಸವೆದಿದೆ. ಯಾವುದೋ ಗುಡಿಯಲ್ಲಿ ನೂರಾರು ವರ್ಷ ಜನ ಮುಟ್ಟಿ ಮುಟ್ಟಿ ನಮಸ್ಕಾರ ಮಾಡಿರಬೇಕು. ಇದು ನಿಮ್ಮ ಫಲಕದಲ್ಲಿಲ್ಲ.

ಕಳೆದ ವರ್ಷ ಪರದೇಶದ ದೊಡ್ಡ ವಸ್ತುಸಂಗ್ರಹಾಲಯವೊಂದಕ್ಕೆ ಹಾಡಹಗಲೇ ಏಣಿ ಹಾಕಿ ಕಳ್ಳರು ಒಡವೆ ಹೊತ್ತೊಯ್ದ ಸುದ್ದಿ ಬಂತು. ಜಗತ್ತೇ ಬೆಚ್ಚಿತು, ನೀವೂ ಬೆಚ್ಚಿದಿರಿ. ಸಂಘಟಿತ ಕಲಾಚೌರ್ಯದ ಅಪಾಯದ ಬಗ್ಗೆ ನೀವು ಹೊರಡಿಸಿದ ಒಂಬತ್ತು ಪುಟದ ಸುತ್ತೋಲೆಯನ್ನು ನಾನು ಪೂರ್ತಿ ಓದಿದ್ದೇನೆ. ಓದಿದ ಏಕೈಕ ವ್ಯಕ್ತಿ ನಾನೇ ಎಂಬ ಅನುಮಾನವೂ ಇದೆ. ಮೊದಲ ಕ್ರಮವಾಗಿ ಸಂಗ್ರಹಾಲಯದ ಏಣಿಯನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿಸಿದಿರಿ. ಅಂದಿನಿಂದ ಎರಡನೆಯ ಕೋಣೆಯ ಸುಟ್ಟ ಬಲ್ಬು ಬದಲಾಗಿಲ್ಲ, ಅಲ್ಲಿನ ತಾಳೆಗರಿಗಳನ್ನು ಜನ ಮೊಬೈಲಿನ ಬೆಳಕಿನಲ್ಲಿ ನೋಡುತ್ತಾರೆ. ಎರಡನೆಯ ಕ್ರಮ, ಅಣಕು ಕಳ್ಳತನ. ಕಳ್ಳರು ಬಂದಂತೆ ನಾಟಕ ಆಡಿಸಿ ನಿಮ್ಮ ಕಾವಲಿನವರು ಎಷ್ಟು ನಿಮಿಷದಲ್ಲಿ ಹಿಡಿಯುತ್ತಾರೆಂದು ಗಣ್ಯರಿಗೆ ತೋರಿಸುವುದು.

ಅದಕ್ಕೆ ಕಳ್ಳರು ಬೇಕಾಯಿತು. ಸಿಬ್ಬಂದಿ ಕದ್ದರೆ ನಾಟಕವೆಂದು ಕಾವಲಿನವರಿಗೆ ಗೊತ್ತಾಗುತ್ತದೆ, ಹೊರಗಿನವರನ್ನು ಕರೆಸಿದರೆ ಅವರು ನಿಜವಾಗಿಯೇ ಕದ್ದರೆ ಏನು ಗತಿ? ನಿಮ್ಮ ಭದ್ರತಾ ಅಧಿಕಾರಿ ನನ್ನನ್ನು ಕರೆದು, "ಮೇಡಮ್, ಹಿರಿಯರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಗ್ಯಾಂಗುಗಳು ಇದನ್ನೇ ಬಳಸಿಕೊಳ್ಳುತ್ತವೆ," ಎಂದರು. ನಾನು ಒಪ್ಪಿದೆ. ನಮ್ಮ ಯಜಮಾನರು ಬಸವಂತರಾಯರೂ ಒಪ್ಪಿದರು. ಅವರು ಕನ್ನಡ ಸಂಘದ ನಾಟಕಗಳಲ್ಲಿ ಇಪ್ಪತ್ತು ವರ್ಷ ಬಣ್ಣ ಹಚ್ಚಿ, ಬಹುತೇಕ ಎಲ್ಲದರಲ್ಲೂ ಎರಡನೆಯ ಅಂಕಕ್ಕೇ ಸತ್ತವರು. ತಂಡದ ಮುಖ್ಯಸ್ಥ ಗಂಡಸಾಗಿರಬೇಕೆಂದು ನಿಮ್ಮ ಅಧಿಕಾರಿ ತಾವಾಗಿಯೇ ತೀರ್ಮಾನಿಸಿ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಕೆಲಸ ಮಾತ್ರ ನನಗೆ ಬಂತು. ನಮ್ಮ ಮನೆಯಲ್ಲೂ ಇದೇ ಏರ್ಪಾಡು.

ಯೋಜನೆ ಹೀಗಿತ್ತು. ಹಿಂದಿನ ದಿನ ಅಸಲಿ ದೀಪಧಾರಿಣಿಯನ್ನು ತೆಗೆದು ಭದ್ರ ಕೋಣೆಯಲ್ಲಿ ಮೊಹರು ಹಾಕಿ ಇಡುವುದು, ಅವಳ ಜಾಗದಲ್ಲಿ ನಿಮ್ಮ ಮಾರಾಟ ಮಳಿಗೆಯಲ್ಲಿ ಸಿಗುವ ನಕಲಿಯನ್ನು ನಿಲ್ಲಿಸುವುದು. ಬಸವಂತರಾಯರು ಪಕ್ಕದ ಕೋಣೆಯಲ್ಲಿ ತಲೆ ಸುತ್ತಿ ಬೀಳುವುದು, ಗಲಾಟೆಯಲ್ಲಿ ನಾನು ನಕಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುವುದು. "ಬೀಗ ಹೇಗೆ ತೆಗೆಯಲಿ?" ಎಂದು ಕೇಳಿದೆ. ಅದರ ಚಿಂತೆ ಬೇಡ, ಅದು ಕೆಟ್ಟು ಎರಡು ವರ್ಷವಾಯಿತು ಎಂದರು. ಅಕಸ್ಮಾತ್ ಗೇಟು ದಾಟಿದರೆ ಸ್ಟೇಷನ್ನಿನವರೆಗೆ ನಡೆದು ಅಲ್ಲಿ ಫೋನಿಗೆ ಕಾಯಬೇಕು, ಬೆನ್ನಟ್ಟುವ ತಂಡದ ಪರೀಕ್ಷೆಯೂ ಆಗುತ್ತದೆ ಎಂದರು. ಅಕಸ್ಮಾತ್ ಎಂಬ ಮಾತನ್ನು ಅವರು ನಗುತ್ತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಡಿಸೆಂಬರಿನ ಆ ಭಾನುವಾರ ಹನ್ನೊಂದು ಗಂಟೆಗೆ ಬಸವಂತರಾಯರು ಬಿದ್ದರು. ಹೇಗೆ ಬಿದ್ದರೆಂದರೆ, ನಲವತ್ತೈದು ವರ್ಷ ಸಂಸಾರ ಮಾಡಿದ ನನ್ನ ಎದೆಯೂ ಒಮ್ಮೆ ಧಸಕ್ಕೆಂದಿತು. ಅಂದು ಕೋಣೆಗಳಲ್ಲಿದ್ದ ಕಾವಲಿನವರೆಲ್ಲ ಓಡಿ ಬಂದರು. ಒಬ್ಬ ಗಾಳಿ ಹಾಕಿದ, ಒಬ್ಬ ಈರುಳ್ಳಿ ತರಲು ಕ್ಯಾಂಟೀನಿಗೆ ಓಡಿದ. ಕಾಶಪ್ಪ ಅಲ್ಲಿರಲಿಲ್ಲ, ಗಣ್ಯರ ವೇದಿಕೆಗೆ ಕುರ್ಚಿ ಹೊರಲು ಬೆಳಗಿನಿಂದಲೇ ಅವನನ್ನು ಹಿಂದಿನ ಅಂಗಳಕ್ಕೆ ಕಳಿಸಲಾಗಿತ್ತು. ಅವನೊಬ್ಬ ಅಲ್ಲಿದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾನು ಗಾಜಿನ ಬಾಗಿಲು ಎಳೆದೆ, ವಿಗ್ರಹವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿದ್ದ ರೊಟ್ಟಿಯ ಡಬ್ಬಿಯ ಪಕ್ಕ ಇಟ್ಟುಕೊಂಡು ನಡೆದೆ. ಗೇಟಿನ ಕಾವಲಿನವನು ಮರಾಠಿಯವನು, ಒಳ್ಳೆಯ ಮನುಷ್ಯ. "ಆಜೀ, ಬ್ಯಾಗ್ ಜಡ ಆಹೇ, ದ್ಯಾ ಇಕಡೆ," ಎಂದು ಚೀಲ ಇಸಿದುಕೊಂಡು, ಮೆಟ್ಟಿಲು ಇಳಿಸಿ, ರಸ್ತೆ ದಾಟಿಸಿ ಕೈಗೆ ಕೊಟ್ಟ. ಚೀಲ ಭಾರ ಇದೆ ಎಂದು ಆ ದಿನ ಅಧಿಕೃತವಾಗಿ ಗಮನಿಸಿದವನು ಅವನೇ. ನಾನು ಅಷ್ಟು ಹೊತ್ತಿಗೆ ಕಳ್ಳತನದ ಉತ್ಸಾಹದಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಬೆನ್ನಟ್ಟುವ ತಂಡಕ್ಕಾಗಿ ಕಾದೆ. ಅರ್ಧ ತಾಸಾಯಿತು, ಒಂದು ತಾಸಾಯಿತು. ಭದ್ರತಾ ಅಧಿಕಾರಿಗೆ ನಾನೇ ಫೋನು ಮಾಡಿದೆ, ಸ್ವಿಚ್ ಆಫ್. ಬೇಸರಕ್ಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಆಗ ಗೊತ್ತಾಯಿತು. ಮಾನ್ಯರೇ, ಮೂವತ್ತೊಂದು ವರ್ಷ ಪಾರ್ಸೆಲ್ ಎತ್ತಿದ ಕೈ ಇದು. ಮಳಿಗೆಯ ನಕಲಿಯನ್ನು ನಾನು ಹತ್ತಾರು ಸಲ ಎತ್ತಿ ಗಿರಾಕಿಗಳಿಗೆ ತೋರಿಸಿದ್ದೇನೆ. ಅದು ರಾಳದ್ದು, ಮುಕ್ಕಾಲು ಕಿಲೋ ತೂಗುವುದಿಲ್ಲ. ನನ್ನ ತೊಡೆಯ ಮೇಲಿದ್ದದ್ದು ಎರಡೂವರೆ ಕಿಲೋಗೆ ಸ್ವಲ್ಪ ಕಮ್ಮಿ. ಬಟ್ಟೆ ಸರಿಸಿ ನೋಡಿದೆ. ಬಲಗಾಲಿನ ಹೆಬ್ಬೆರಳು ಸವೆದಿತ್ತು.

ನಡೆದದ್ದೇನೆಂದು ಊಹಿಸುವುದು ಕಷ್ಟವಲ್ಲ. ಹಿಂದಿನ ದಿನ ನಿಮ್ಮವರು ನಕಲಿಯನ್ನು ಹತ್ತಿಯಲ್ಲಿ ಸುತ್ತಿ, ಮೊಹರು ಹಾಕಿ, ಭದ್ರ ಕೋಣೆಯಲ್ಲಿ ಇಟ್ಟರು. ಅಸಲಿಯನ್ನು ಕಳ್ಳರಿಗೆ ಬಿಟ್ಟರು. ಅವರನ್ನು ತಪ್ಪು ಎನ್ನುವುದು ಹೇಗೆ? ಅಸಲಿಗೂ ನಕಲಿಗೂ ವ್ಯತ್ಯಾಸ ಹುಡುಕಿ ತೋರಿಸಿ ಎಂದು ಮಳಿಗೆಯ ಮೇಲೆ ನೀವೇ ಬರೆಸಿ ಹಾಕಿದ್ದೀರಿ.

ಅಷ್ಟರಲ್ಲಿ ಬಸವಂತರಾಯರು ಬಂದರು, ಹೆಗಲ ಮೇಲೆ ಶಾಲು, ಕೈಯಲ್ಲಿ ಪ್ರಮಾಣಪತ್ರ. ಮುಖ್ಯಸ್ಥನನ್ನು ನಾಲ್ಕೇ ನಿಮಿಷದಲ್ಲಿ ಹಿಡಿದರಂತೆ; ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ ಮನುಷ್ಯನನ್ನು ಹಿಡಿಯುವುದಕ್ಕೆ ನಾಲ್ಕು ನಿಮಿಷ ಯಾಕೆ ಬೇಕಾಯಿತು ಎಂಬುದು ವರದಿಯಲ್ಲಿಲ್ಲ. ಕಾರ್ಯಾಚರಣೆ ನೂರಕ್ಕೆ ನೂರು ಯಶಸ್ವಿ ಎಂದು ವೇದಿಕೆಯಲ್ಲಿ ಘೋಷಿಸಿದಿರಂತೆ. ಮಳಿಗೆಯಿಂದ ಇನ್ನೊಂದು ನಕಲಿ ತರಿಸಿ, ವಶಪಡಿಸಿಕೊಂಡ ವಸ್ತು ಎಂದು ಅದರ ಜೊತೆ ನೀವು ಫೋಟೊ ತೆಗೆಸಿಕೊಂಡಿರಂತೆ.

"ಇದು ಅಸಲಿ ಅದರಿ," ಎಂದೆ.

"ಏನು ಅಸಲಿ?"

"ಚೀಲದಾಗ ಇರೂದು. ಎತ್ತಿ ನೋಡ್ರಿ."

ಅವರು ಎತ್ತಿ ನೋಡಿದರು. ಶಾಲು ತೆಗೆದು ಮಡಚಿದರು. "ಗುರು, ಅಂದ್ರ ನಾವು ಖರೇನ ಕಳ್ಳರು?" ಎಂದರು.

"ನೀವು ಮುಖ್ಯಸ್ಥರು," ಎಂದೆ.

ವಾಪಸು ಹೋದೆವು. ಗೇಟು ಹಾಕಿತ್ತು, ಗಣ್ಯರ ಊಟಕ್ಕಾಗಿ ಮಧ್ಯಾಹ್ನವೇ ಮುಚ್ಚಿದ್ದಿರಿ. ಸೋಮವಾರ ವಾರದ ರಜೆ. ನಾನೂರು ವರ್ಷದ ದೀಪದಕ್ಕನನ್ನು ಹೊತ್ತುಕೊಂಡು ಮೆಟ್ರೋ ಹತ್ತಲೇಬೇಕಾಯಿತು. ಮೆಟ್ರೋದ ತಪಾಸಣೆ ಯಂತ್ರದಲ್ಲಿ ಚೀಲ ಹೋದ ಕೂಡಲೇ ಅಲ್ಲಿದ್ದ ಹೆಣ್ಣುಮಗಳು ಪರದೆ ನಿಲ್ಲಿಸಿ, "ಮಾಜೀ, ಅಂದರ್ ಕ್ಯಾ ಹೈ?" ಎಂದಳು. ತೆಗೆದು ತೋರಿಸಿದೆ. ಚಪ್ಪಲಿ ಬಿಟ್ಟು ಕೈ ಮುಗಿದು ಕಳಿಸಿದಳು. ನಿಮ್ಮ ಐದು ಕೋಣೆ, ಹದಿನಾಲ್ಕು ಕ್ಯಾಮೆರಾ, ಒಂಬತ್ತು ಪುಟದ ಸುತ್ತೋಲೆ ಕಾಣದ್ದನ್ನು ಅವಳು ಒಂದು ನೋಟಕ್ಕೆ ಕಂಡಳು. ಅವಳು ನಿಮ್ಮಲ್ಲಿ ಇರಬೇಕಾಗಿತ್ತು.

ಮಂಗಳವಾರ ತೆರೆಯುವ ಹೊತ್ತಿಗೆ ನಾನು ನಿಮ್ಮ ಗೇಟಿನಲ್ಲಿದ್ದೆ. ನಿಮ್ಮ ಸಂಗ್ರಹಾಲಯದಲ್ಲಿ ಹೊರಗೆ ಹೋಗುವವರ ಚೀಲ ನೋಡುವುದಿಲ್ಲ, ಒಳಗೆ ಬರುವವರದ್ದನ್ನು ಬಿಡುವುದಿಲ್ಲ. ಒಳಗೆ ಬರುವವನು ಏನು ಕದ್ದು ತಂದಾನು ಎಂಬ ಪ್ರಶ್ನೆಯನ್ನು ಒಮ್ಮೆ ಬಿಡುವಾದಾಗ ಯೋಚಿಸಿ. ಅಂದು ಹೊಸ ಕಾವಲಿನವನೊಬ್ಬ ಚೀಲ ಬಿಚ್ಚಿಸಿದ.

"ಬಾಹರ್ ಕಾ ಮೂರ್ತಿ ಅಂದರ್ ಅಲೋ ನಹೀ ಹೈ."

ಇದು ಒಳಗಿನದೇ ಮೂರ್ತಿ ಎಂದು ಹಿಂದಿಯಲ್ಲಿ ತಿಳಿಹೇಳಿದೆ.

"ಅಂದರ್ ಕಾ ಹೈ ತೋ ಬಾಹರ್ ಕೈಸೇ ಆಯಾ?"

ಒಳಗಿನದಾದರೆ ಹೊರಗೆ ಹೇಗೆ ಬಂತು? ಮಾನ್ಯರೇ, ಮೂರೂವರೆ ತಿಂಗಳಲ್ಲಿ ನಿಮ್ಮ ಸಂಸ್ಥೆಯಿಂದ ಬಂದ ಒಂದೇ ಒಂದು ಬುದ್ಧಿವಂತ ಪ್ರಶ್ನೆ ಅದು. ನಾನು ಉತ್ತರ ಕೊಡುವಷ್ಟರಲ್ಲಿ ಅವನು ಗೇಟ್ ಪಾಸ್ ಕೇಳಿದ. ವಸ್ತು ಒಳಗೆ ಬರಬೇಕಾದರೆ ಅದು ಹೊರಗೆ ಹೋದಾಗಿನ ಪಾಸ್ ತೋರಿಸಬೇಕಂತೆ. ಕಳ್ಳರಿಗೆ ಹೊರಹೋಗುವ ಪಾಸ್ ಕೊಡುವ ಪದ್ಧತಿಯನ್ನು ನೀವು ಇನ್ನೂ ಆರಂಭಿಸಿಲ್ಲವಾದ್ದರಿಂದ ನನ್ನ ಬಳಿ ಅದಿರಲಿಲ್ಲ.

ಕೊನೆಗೆ ಭದ್ರತಾ ಅಧಿಕಾರಿ ಗೇಟಿಗೆ ಬಂದರು. ದೀಪಧಾರಿಣಿಯನ್ನು ಮುಟ್ಟಲೂ ಇಲ್ಲ. "ಮೇಡಮ್, ಅದು ಕಾಪಿ. ನಮ್ಮ ಕಡೆಯಿಂದ ನೆನಪಿನ ಕಾಣಿಕೆ ಅಂತ ಇಟ್ಟುಕೊಳ್ಳಿ," ಎಂದರು. ತೂಗಿ ನೋಡಿ ಎಂದೆ. ಸಂಗ್ರಹಾಲಯದಲ್ಲಿ ತಕ್ಕಡಿಯಿಲ್ಲ ಎಂದರು. ರಸ್ತೆಯಾಚೆಯ ತರಕಾರಿ ಗಾಡಿಯವನಲ್ಲಿ ಇದೆ ಎಂದೆ. ಅಧಿಕಾರಿ ಬರಲಿಲ್ಲ, ನಾನು ಹೋದೆ. ಅವನು ಬದನೆಕಾಯಿ ಇಳಿಸಿ ಅವಳನ್ನು ಕೂರಿಸಿ ತೂಗಿದ. ಎರಡು ಕಿಲೋ ನಾನೂರು ಗ್ರಾಂ. ನಿಮ್ಮದೇ ಮುದ್ರಿತ ಪುಸ್ತಿಕೆಯ ಇಪ್ಪತ್ತೆರಡನೆಯ ಪುಟದಲ್ಲಿ ಎರಡು ಕಿಲೋ ನಾನೂರ ಹತ್ತು ಎಂದಿದೆ. ಹತ್ತು ಗ್ರಾಮಿನ ವ್ಯತ್ಯಾಸ ತರಕಾರಿಯವನ ಕಲ್ಲಿನದು. ವಾಪಸು ಬಂದು ಹೇಳಿದಾಗ ಅಧಿಕಾರಿ ಧ್ವನಿ ತಗ್ಗಿಸಿ, "ಮೇಡಮ್, ವರದಿ ಮೇಲಕ್ಕೆ ಹೋಗಿಬಿಟ್ಟಿದೆ," ಎಂದರು. ಆ ಒಂದು ಕ್ಷಣ ಅವರ ಮೇಲೆ ನನಗೆ ಕನಿಕರ ಬಂತು. ಅವರಿಗೂ ಗೊತ್ತಿತ್ತು.

ಆಮೇಲೆ ನಿಮಗೆ ಪತ್ರಗಳನ್ನು ಬರೆದೆ. ಒಂದಕ್ಕೆ ಉತ್ತರ ಬಂತು: ನಮ್ಮ ಪರಂಪರೆಯಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದ, ನಿಮ್ಮ ಭೇಟಿಯ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ಕಳ್ಳಿಯಾಗಿ ನಾನು ಐದೂ ಕೊಟ್ಟೆ. ಬಡಾವಣೆಯ ಪೊಲೀಸ್ ಠಾಣೆಗೂ ಹೋದೆ. ಅಲ್ಲಿನ ಹವಾಲ್ದಾರರು ಸಮಾಧಾನದಿಂದ ಕೇಳಿಸಿಕೊಂಡು, ನಿಮ್ಮ ಕಚೇರಿಗೆ ಫೋನು ಮಾಡಿ ವಿಚಾರಿಸಿದರು. ಆಮೇಲೆ, "ಬಾಯಿ, ನೀವು ಕದ್ದೆ ಅಂತೀರಿ, ಮಾಲೀಕರು ಏನೂ ಹೋಗಿಲ್ಲ ಅಂತಾರೆ. ಹಾಗಾದರೆ ನಾನು ಏನಂತ ಬರೆಯಲಿ?" ಎಂದು ಮರಾಠಿಯಲ್ಲಿ ಕೇಳಿದರು. ಚಹಾ ಕೊಟ್ಟು ಕಳಿಸಿದರು.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಮೂರನೆಯ ವಾರದ ಹೊತ್ತಿಗೆ ನಾನು ಪ್ರಯತ್ನ ಬಿಟ್ಟೆ. ದೀಪದಕ್ಕ ನಮ್ಮ ಫ್ರಿಜ್ಜಿನ ಪಕ್ಕದ ಗೂಡಿನಲ್ಲಿ ನಿಂತಿದ್ದಳು. ಬೆಳಿಗ್ಗೆ ಚಹಾಕ್ಕೆ ಎದ್ದಾಗ ಅವಳ ಮುಖ ನೋಡುವುದು ನನಗೆ ರೂಢಿಯಾಗಿತ್ತು. ಡೋರ್‌ಬೆಲ್ ಹೊಡೆದಾಗಲೆಲ್ಲ ಬಸವಂತರಾಯರು ಅವಳ ಮೇಲೆ ಟವೆಲ್ ಹಾಕುತ್ತಿದ್ದರು. ಒಂದು ಸಲ ಇಸ್ತ್ರಿಯವನು ಬಂದಾಗ ಗಾಬರಿಯಲ್ಲಿ ತಮ್ಮ ತಲೆಯ ಮೇಲೇ ಹಾಕಿಕೊಂಡರು. ಆದರೂ ಸಂಜೆ ಅವಳಿಗೆ ತಮ್ಮ ಹಳೆಯ ನಾಟಕದ ಮಾತುಗಳನ್ನು ಹೇಳಿ ತೋರಿಸುತ್ತಿದ್ದರು, ಅವಳು ಎದ್ದು ಹೋಗುತ್ತಿರಲಿಲ್ಲ. ಕೇಳಿದೆವು, ಕೊಡಲು ಹೋದೆವು, ಅವರು ಬೇಡ ಅಂದರು, ಇರಲಿ ಬಿಡು ಎಂದುಕೊಂಡೆವು. ಭಾನುವಾರ ಸಂಗ್ರಹಾಲಯಕ್ಕೆ ಹೋಗುವುದನ್ನು ಆ ಮಂಗಳವಾರದಿಂದಲೇ ನಿಲ್ಲಿಸಿದ್ದೆ. ಹೋಗಿದ್ದರೆ ಮೂರನೆಯ ಕೋಣೆಯಲ್ಲಿ ಕಾಶಪ್ಪ ಇಲ್ಲ ಎಂಬುದು ಆಗಲೇ ತಿಳಿಯುತ್ತಿತ್ತು.

ತಿಳಿದದ್ದು ಫೆಬ್ರವರಿಯಲ್ಲಿ, ಮಾಟುಂಗದಲ್ಲಿ ನಡೆದ ಒಂದು ಮದುವೆಯ ಊಟದಲ್ಲಿ. ತಟ್ಟೆ ಎತ್ತುವವರ ನಡುವೆ ಒಬ್ಬ ಮನುಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಹಿಂದೆ ಕಟ್ಟಿ ನಿಂತಿದ್ದ. ಆ ನಿಲುವು ನನಗೆ ಗೊತ್ತಿತ್ತು.

"ಕಾಶಪ್ಪಾ, ನೀ ಇಲ್ಲಿ?"

"ಐತಾರಕ್ಕೊಮ್ಮೆ ಇಲ್ಲೇರಿ ಬಾಯಾರ. ಉಳದ ದಿನ ಧಾರಾವ್ಯಾಗ ಪ್ಲಾಸ್ಟಿಕ್ ಗೋಡೌನಿನ್ಯಾಗ. ಬಾಟ್ಲಿ ಟೋಪಣ ಬ್ಯಾರೆ ಮಾಡ್ತೀನಿ, ಕೆಂಪು ಬ್ಯಾರೆ, ಹಸರು ಬ್ಯಾರೆ."

ಅವನು ಹೇಳಿದ್ದನ್ನು ನಿಮ್ಮ ಗಮನಕ್ಕೆ ತರುತ್ತೇನೆ. ನಾನು ಗೇಟಿನಲ್ಲಿ ಹೊಸ ಕಾವಲಿನವನೊಡನೆ ವಾದಿಸುತ್ತಿದ್ದ ಅದೇ ಮಂಗಳವಾರ ಬೆಳಿಗ್ಗೆ, ಕಾಶಪ್ಪ ತನ್ನ ಕೋಣೆಗೆ ಬಂದು ನಿಂತ. ಭದ್ರ ಕೋಣೆಯಿಂದ ಮೊಹರು ಒಡೆದು ತಂದಿಟ್ಟ ನಕಲಿ ಅವನ ಎದುರಿಗಿತ್ತು. ಐದು ನಿಮಿಷ ನೋಡಿದ. ಮೇಲಿನವನ ಬಳಿ ಹೋಗಿ, "ಸಾಬ್, ಯೇ ವೋ ನಹೀ ಹೈ," ಎಂದ. ತಲೆ ಕೆಟ್ಟಿದೆಯಾ ಎಂದರು. ಮತ್ತೆ ಹೋಗಿ ನೋಡಿದ. ತನ್ನ ಕೋಣೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡರೆ ಕರ್ತವ್ಯ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಮ್ಮದೇ ಸುತ್ತೋಲೆಯ ನಾಲ್ಕನೆಯ ಪುಟದ ಮಾತು. ಅವನಿಗೆ ಬರೆಯಲು ಬರುವುದು ಕನ್ನಡ ಒಂದೇ. ಬರೆದ: "ಈಕಿ ಆಕಿ ಅಲ್ಲ. ಆಕೀ ಬಲಗಾಲ ಹೆಬ್ಬೆರಳು ಸವದಿತ್ತು. ಈಕೀದು ಸವದಿಲ್ಲ. ಕಾಶಪ್ಪ."

ನಿಮ್ಮ ಕಚೇರಿಯಲ್ಲಿ ಅದನ್ನು ಓದಲು ಯಾರಿಗೂ ಬರಲಿಲ್ಲ. ಓದಲು ಬರದ ಬರಹವನ್ನು ಏನೆಂದು ತಿಳಿಯಬೇಕು? ಗುಪ್ತ ಸಂದೇಶವೆಂದು ತಿಳಿದಿರಿ. ಕಾಶಪ್ಪನಿಗೆ ಕೊಟ್ಟ ಪತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ: ಕರ್ತವ್ಯ ಪುಸ್ತಕದಲ್ಲಿ ಸಾಂಕೇತಿಕ ಲಿಪಿಯಲ್ಲಿ ಬರೆದು, ಸಂಘಟಿತ ಗುಂಪಿನೊಂದಿಗೆ ಸಂಪರ್ಕದ ಶಂಕೆಗೆ ಎಡೆಮಾಡಿಕೊಟ್ಟಿದ್ದರಿಂದ, ಇತ್ಯಾದಿ. ಕೋಟಿಗಟ್ಟಲೆ ಜನ ಮಾತಾಡುವ ಭಾಷೆ ಕಳ್ಳರ ಸಂಕೇತವಾಗಿದ್ದರೆ, ಈ ದೇಶದ ಪ್ರತಿಯೊಂದು ನೋಟಿನ ಮೇಲೂ ಆ ಸಂಕೇತ ಅಚ್ಚಾಗಿದೆಯಲ್ಲ, ಅದರ ತನಿಖೆ ಯಾವಾಗ? ನಿಮ್ಮ ಸಂಗ್ರಹಾಲಯದಲ್ಲಿ ಕಳ್ಳತನವನ್ನು ಕಂಡುಹಿಡಿದ ಒಬ್ಬನೇ ಕಾವಲುಗಾರನನ್ನು ಕಳ್ಳರ ಕಡೆಯವನೆಂದು ಹೊರಗೆ ಹಾಕಿದಿರಿ, ಕಳ್ಳರ ಮುಖ್ಯಸ್ಥನಿಗೆ ಶಾಲು ಹೊದಿಸಿದಿರಿ.

ಅವನು ಆ ಸಾಲು ಬರೆಯುತ್ತಿದ್ದಾಗ ನಾನು ಐವತ್ತು ಹೆಜ್ಜೆ ದೂರದಲ್ಲಿ, ಅವನ ಮಾತಿಗೆ ಸಾಕ್ಷಿಯನ್ನು ಚೀಲದಲ್ಲಿಟ್ಟುಕೊಂಡು ನಿಂತಿದ್ದೆ. ಎರಡು ವಾರ ಕೂಗಾಡಿ ಸುಮ್ಮನಾದೆ. ಅವನು ಎರಡು ತಿಂಗಳು ಬಾಟ್ಲಿ ಮುಚ್ಚಳ ಆರಿಸಿದ.

ಮುಂದಿನ ಶನಿವಾರ ಅವನನ್ನು ಮನೆಗೆ ಕರೆದೆ. ಹೆಂಡತಿ ರಾಚವ್ವನೂ ಬಂದಳು. ಆರು ವರ್ಷ ಗಂಡ ಯಾರ ಮುಂದೆ ನಿಂತಿದ್ದನೋ ಆಕೆಯನ್ನು ನೋಡಬೇಕಾಗಿತ್ತಂತೆ. ಬಸವಂತರಾಯರು ಟವೆಲ್ ಸರಿಸಿದರು. ಕಾಶಪ್ಪ ಮುಂದೆ ಬಾಗಿ ಬೇರೆ ಏನನ್ನೂ ನೋಡದೆ ಬಲಗಾಲಿನ ಹೆಬ್ಬೆರಳು ನೋಡಿದ.

"ಹ್ಞೂಂ. ಈಕಿನ ಆಕಿ," ಎಂದ. ಅವನ ಕಣ್ಣು ತುಂಬಿತ್ತು. "ನನಗಽ ಭ್ರಮಿ ಆಗೇತೇನೋ ಅಂತ ಅನಸಾಕತ್ತಿತ್ರಿ ಬಾಯಾರ. ಎಲ್ಲಾರೂ ಅದಽ ಅಂದ್ರು. ಒಂದೊಂದ ಸಲ ನನಗೂ ಖರೆ ಅನಸ್ತಿತ್ತು."

"ಕೂಡಪ್ಪಾ," ಎಂದರು ಬಸವಂತರಾಯರು.

ಅವನು ಕೂಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಕೈ ಹಿಂದೆ ಕಟ್ಟಿ, ಅವಳ ಎದುರು ನಿಂತ. ಚಹಾ ನಿಂತುಕೊಂಡೇ ಕುಡಿದ. ಒಂದು ತಾಸು ಹಾಗೇ ಇದ್ದ. ರಾಚವ್ವ ನನ್ನ ಕಡೆ ತಿರುಗಿ, "ನನ್ನ ಮುಂದ ಹಿಂಗ ಒಂದ ಗಳಿಗಿ ನಿಂತಿಲ್ರಿ ಇವ್ರು," ಎಂದಳು. ಆಮೇಲೆ, "ಮತ್ತ ಆ ಕೆಲಸಕ್ಕ ತಗೋತಾರೇನ್ರಿ?" ಎಂದು ಕೇಳಿದಳು. ಅವಳಿಗೆ ಕೊಡಬೇಕಾದ ಉತ್ತರಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮಾನ್ಯರೇ, ಸಂಘಟಿತ ಗುಂಪುಗಳ ಭಯ ನಿಮಗಿದೆ, ಇರಬೇಕಾದದ್ದೇ. ಅವರ ಬಳಿ ಏಣಿ ಇದೆ, ಕಟ್ಟರ್ ಇದೆ, ಮೋಟಾರ್ ಸೈಕಲ್ ಇದೆ. ನಮ್ಮ ಗುಂಪಿನಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿದ ಇಬ್ಬರು ಮುದುಕರು, ಒಂದು ರೊಟ್ಟಿ ಡಬ್ಬಿ. ಆದರೂ ನಾವು ಗೆದ್ದೆವು. ಯಾಕೆ? ನಿಮ್ಮಲ್ಲಿ ವಸ್ತುವನ್ನು ನೋಡುವವರು ಯಾರೂ ಇರಲಿಲ್ಲ. ಕ್ಯಾಮೆರಾ ಬಾಗಿಲನ್ನು ನೋಡುತ್ತದೆ, ಕಾವಲಿನವರು ಮೇಲಿನವರನ್ನು ನೋಡುತ್ತಾರೆ, ಮೇಲಿನವರು ವರದಿಯನ್ನು ನೋಡುತ್ತಾರೆ, ವರದಿ ನಿಮ್ಮ ಮುಖ ನೋಡಿ ತಯಾರಾಗುತ್ತದೆ. ಒಬ್ಬನೇ ಒಬ್ಬ ಮನುಷ್ಯ ವಿಗ್ರಹವನ್ನು ನೋಡುತ್ತಿದ್ದ. ನಾಳೆ ನಿಜವಾದ ಕಳ್ಳರು ಬಂದು ಐದೂ ಕೋಣೆ ಖಾಲಿ ಮಾಡಿ, ಜಾಗಕ್ಕೆ ಮಳಿಗೆಯ ಮಾಲು ಇಟ್ಟು ಹೋದರೆ, ಅದನ್ನು ನಿಮಗೆ ಹೇಳುವವರು ಈಗ ಯಾರಿದ್ದಾರೆ? ಅಥವಾ ಈಗಾಗಲೇ ಹಾಗಾಗಿ ಎಷ್ಟು ವರ್ಷವಾಯಿತು?

ಆದ್ದರಿಂದ ನನ್ನ ಬೇಡಿಕೆ. ಕಾಶಪ್ಪನನ್ನು ಮೂರನೆಯ ಕೋಣೆಗೆ ಲಿಖಿತ ಆದೇಶದ ಮೂಲಕ ಮತ್ತೆ ನೇಮಿಸಬೇಕು. ಅವನು ಕರ್ತವ್ಯ ಪುಸ್ತಕದಲ್ಲಿ ಬರೆದದ್ದು ನಿಜವೆಂದು ಆ ಆದೇಶದಲ್ಲಿ ಇರಬೇಕು. ಅಂಥ ಆದೇಶ ಬಂದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ದೀಪಧಾರಿಣಿಯನ್ನು ನಿಮ್ಮ ಗೇಟಿನಲ್ಲಿ ಅವನ ಕೈಗೆ ಕೊಡುತ್ತೇನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ. ಇದನ್ನು ಬೆದರಿಕೆ ಎಂದು ಕರೆಯುವುದಾದರೆ ಕರೆಯಿರಿ.

ನಿಮಗೆ ಇದು ಒಪ್ಪಿಗೆಯಾಗದಿದ್ದರೆ ಇನ್ನೊಂದು ದಾರಿಯಿದೆ, ಅದಕ್ಕೂ ನಾನು ಸಿದ್ಧಳಿದ್ದೇನೆ. ನಿಮ್ಮ ವಿಗ್ರಹವನ್ನು ನಾನು ಕದ್ದಿದ್ದೇನೆ, ಅದು ನನ್ನ ಬಳಿಯಿದೆ, ಇದನ್ನು ನನ್ನ ಹೆಸರು ಹಾಕಿ ಪತ್ರಿಕೆಯಲ್ಲಿ ಒಪ್ಪಿಕೊಂಡಿದ್ದೇನೆ. ದೂರು ಕೊಡಿ, ಪೊಲೀಸರನ್ನು ಕಳಿಸಿ, ನನ್ನನ್ನು ಬಂಧಿಸಿ. ಬಸವಂತರಾಯರು ಬಟ್ಟೆ ಮಡಚಿಟ್ಟುಕೊಂಡಿದ್ದಾರೆ. ಆದರೆ ನನ್ನನ್ನು ಬಂಧಿಸಬೇಕಾದರೆ ವಿಗ್ರಹ ಕಳುವಾಗಿದೆ ಎಂದು ನೀವು ನಿಮ್ಮ ಕೈಯಾರೆ ಬರೆದುಕೊಡಬೇಕು. ಹವಾಲ್ದಾರರು ಮುಂದಿನ ಪ್ರಶ್ನೆ ಕೇಳುತ್ತಾರೆ: ಕಳುವಾದದ್ದು ಮೊದಲು ಯಾರ ಗಮನಕ್ಕೆ ಬಂತು? ಅಲ್ಲಿ ಬರೆಯಲು ನಿಮ್ಮ ಬಳಿ ಒಂದೇ ಹೆಸರಿದೆ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ಈವರೆಗೆ ಏನನ್ನೂ ಕದಿಯದ,
ಗುರುಬಾಯಿ ಬಸವಂತರಾಯ
ನಿವೃತ್ತ ಪಾರ್ಸೆಲ್ ಗುಮಾಸ್ತೆ, ದಹಿಸರ್ ಪೂರ್ವ